ಹೊರಗಿನಿಂದ ಬಂದ ಹುಳುಗಳ ಲೆಕ್ಕ ನಮ್ಮ ಶಾಲೆಗಳಲ್ಲಿರಲಿ

ಬ್ಯಾಡಗಿ ಮತ್ತು ರಾಣೆಬೆನ್ನೂರು ತಾಲ್ಲೂಕುಗಳ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗುರುಗಳೇ, ಗುರುಮಾತೆಯರೇ,

ನಾನು ಕದರಮಂಡಲಗಿಯ ಒಬ್ಬ ರೈತ. ಗೋವಿನಜೋಳ, ಮೆಣಸಿನಕಾಯಿ ಬೆಳೆಯುತ್ತೇನೆ. ಹೊಲದ ಮೇಲಿನ ಮಗ್ಗುಲಿಗೆ ಅಪ್ಪ ಹಚ್ಚಿದ ಒಂದಿಷ್ಟು ನೀಲಗಿರಿ ಇದೆ. ನನ್ನ ಮಕ್ಕಳು ನಿಮ್ಮಂಥವರ ಕೈಕೆಳಗೇ ಕಲಿತವರು. ಹುಳುಹುಪ್ಪಡಿಯ ವಿಚಾರವನ್ನು ಕೃಷಿ ಇಲಾಖೆಗೋ ಅರಣ್ಯ ಇಲಾಖೆಗೋ ಬರೆಯುವುದು ಬಿಟ್ಟು ಶಾಲೆಯ ಮೇಷ್ಟ್ರಿಗೇಕೆ ಬರೆಯುತ್ತಾನೆ ಎಂದು ಕೆಲವರು ಕೇಳಿಯಾರು. ನಾನು ಬೇಡಲು ಬಂದಿರುವ ಕೆಲಸವನ್ನು ನೀವು ಮಾಡಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು ಎಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸೀಮೆಯ ಗಿಡ, ಬೆಳೆಗಳಿಗೆ ಹೊರದೇಶದ ಮೂರು ಹುಳುಗಳು ಬಿದ್ದಿವೆ. ನೀಲಗಿರಿಗೆ ಎಲೆಗಂಟಿನ ಕಣಜ, ಗೋವಿನಜೋಳಕ್ಕೆ ಫಾಲ್ ಸೈನಿಕ ಹುಳು, ಮೆಣಸಿನಕಾಯಿಯ ಹೂವಿಗೆ ಕರಿ ನುಸಿ. ಪ್ರತಿಯೊಂದು ಬಂದಾಗಲೂ ನಾವು ರೈತರು ಗೊಬ್ಬರದ ಅಂಗಡಿಯ ಮುಂದೆ ನಿಂತು ಕೇಳಿದ್ದು ಒಂದೇ ಮಾತು: “ಯಾವ ಎಣ್ಣಿ ಹೊಡೀಬೇಕ್ರೀ?” ಎಣ್ಣಿ ಎಂದರೆ ನಮ್ಮಲ್ಲಿ ಕೀಟನಾಶಕ. ಬೆಳೆ ಉಳಿಸಿಕೊಳ್ಳಬೇಕಾದವನಿಗೆ ಅದು ಸಹಜವಾದ ಪ್ರಶ್ನೆ. ಆದರೆ ಅದರಾಚೆಗೆ ಇನ್ನೂ ಪ್ರಶ್ನೆಗಳಿದ್ದವು. ಈ ಹುಳು ನಮ್ಮೂರಿಗೆ ಬಂದದ್ದು ಯಾವ ವರ್ಷ, ಯಾವ ಮಳೆಯಲ್ಲಿ? ಅದು ಬಂದ ಮೇಲೆ ಇಲ್ಲಿನ ಯಾವ ಹುಳು ಕಡಿಮೆಯಾಯಿತು? ಯಾವ ಹಕ್ಕಿ, ಯಾವ ಜೇಡ ಅದನ್ನು ತಿನ್ನಲು ಕಲಿಯಿತು? ಗಿಡ ಸೊರಗಿದ ಜಾಗದಲ್ಲಿ ಏನು ಬೆಳೆಯಿತು? ನಮ್ಮೂರಲ್ಲಿ ಇವನ್ನು ಕೇಳಿದವರೂ ಇಲ್ಲ, ಬರೆದಿಟ್ಟವರೂ ಇಲ್ಲ. ಒಂದು ಹೊಸ ಕೀಟದಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಅಭ್ಯಾಸ ಮಾಡುವುದೆಂದರೆ ಈ ಪ್ರಶ್ನೆಗಳಿಗೆ ವರ್ಷಾನುಗಟ್ಟಲೆ ಉತ್ತರ ಹುಡುಕುವುದು.

ಮೊದಲು ನೀಲಗಿರಿಯ ಮಾತು. ಆಸ್ಟ್ರೇಲಿಯಾ ಮೂಲದ ಈ ಮರ ನಮ್ಮ ಜಿಲ್ಲೆಯಲ್ಲಿ ಎಷ್ಟು ದೊಡ್ಡ ಜಗಳಕ್ಕೆ ಕಾರಣವಾಯಿತು ಎಂಬುದು ಹಿರಿಯರಿಗೆ ನೆನಪಿದೆ. ಕುಮಾರಪಟ್ಟಣದ ಕಾರ್ಖಾನೆಗೆ ತಿರುಳು ಮಾಡಲು ಮರ ಬೇಕಿತ್ತು. ಅದಕ್ಕಾಗಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ನೆಡಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದು ಹೆಸರಾಯಿತು. ಆ ಕಂಪನಿ 1991ರಲ್ಲಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತು. ಮರದ ಬಗ್ಗೆ ಇಷ್ಟು ಚರ್ಚೆಯಾಯಿತು. ಮರದ ಬೆನ್ನುಹತ್ತಿ ಬಂದ ಹುಳುವಿನ ಬಗ್ಗೆ ಊರಲ್ಲಿ ಯಾರೂ ಮಾತಾಡಲಿಲ್ಲ.

ಆ ಹುಳು ಒಂದು ಕಣಜ; ಉದ್ದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. 2000ದ ಹೊತ್ತಿಗೆ ಇಸ್ರೇಲಿನಲ್ಲಿ ಜನರ ಕಣ್ಣಿಗೆ ಬಿತ್ತು. 2001ರಲ್ಲಿ ನಮ್ಮ ಮಂಡ್ಯ ಜಿಲ್ಲೆಯಲ್ಲೂ ತಮಿಳುನಾಡಿನಲ್ಲೂ ಕಾಣಿಸಿಕೊಂಡಿತು. ವಿಜ್ಞಾನಿಗಳು ಅದಕ್ಕೆ ‘ಲೆಪ್ಟೊಸೈಬ್ ಇನ್ವೇಸಾ’ ಎಂದು ಹೆಸರಿಟ್ಟದ್ದು 2004ರಲ್ಲಿ. ಅಂದರೆ, ಹೆಸರು ಸಿಗುವುದಕ್ಕೆ ಮೂರು ವರ್ಷ ಮೊದಲೇ ಅದು ಕರ್ನಾಟಕದ ಮಣ್ಣಿಗೆ ಬಂದಾಗಿತ್ತು. ಹೆಣ್ಣು ಕಣಜ ಎಳೆ ಎಲೆಯ ನಡುನರದಲ್ಲಿ, ತೊಟ್ಟಿನಲ್ಲಿ, ಮಿದು ಕಡ್ಡಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಬೆಳೆದ ಹಾಗೆಲ್ಲ ಗಿಡ ಆ ಜಾಗದಲ್ಲಿ ಊದಿಕೊಂಡು ಗಂಟು ಕಟ್ಟುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು ನಾಲ್ಕು ತಿಂಗಳು. ಗಂಡಿನ ಹಂಗಿಲ್ಲದೆ ಹೆಣ್ಣೇ ಹೆಣ್ಣನ್ನು ಹೆರುವುದರಿಂದ ಒಂದೇ ಕಣಜ ಬಂದರೂ ಸಂತಾನ ಹಬ್ಬಬಲ್ಲದು. ಬಲಿತ ಮರ ಹೇಗೋ ತಡೆದುಕೊಳ್ಳುತ್ತದೆ. ನರ್ಸರಿಯ ಸಸಿಗೆ, ಕಡಿದ ಬೊಡ್ಡೆಯಿಂದ ಒಡೆಯುವ ಚಿಗುರಿಗೆ ಇದರ ಹೊಡೆತ ಜೋರು.

ನನ್ನ ಹೊಲದಲ್ಲಿ ನೀಲಗಿರಿ ಕಡಿಸಿದ ಮೇಲೆ ಬಂದ ಚಿಗುರಿನಲ್ಲಿ ನಾನು ಇದನ್ನು ಕಂಡೆ. ಎಲೆಗಳು ಸುರುಳಿ ಸುತ್ತಿಕೊಂಡಿದ್ದವು; ನಡುನರದ ಉದ್ದಕ್ಕೂ ಗಂಟುಗಳು ಒತ್ತೊತ್ತಾಗಿದ್ದವು. ಎಳೆಯವು ಹಸಿರು, ಬಲಿಯುತ್ತಿದ್ದವು ನಸುಗೆಂಪು, ಹಳೆಯವು ಕಂದು. ಕಂದು ಗಂಟಿನ ಮೇಲೆ ಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತುಗಳು. ಆಗ ಮಗಳು ಎಂಟನೇ ಇಯತ್ತೆಯಲ್ಲಿದ್ದಳು. ಒಂದು ಟೊಂಗೆಯನ್ನು ಶಾಲೆಗೆ ಒಯ್ದಳು. ಅವಳ ವಿಜ್ಞಾನದ ಮೇಡಂ ಅದನ್ನು ಎಸೆಯಲು ಹೇಳಲಿಲ್ಲ. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ಟೊಂಗೆ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಕಿಟಕಿಯ ಬಳಿ ಇರಿಸಿದರು. ದಿನಗಳು ಕಳೆದ ಮೇಲೆ ಬಾಟಲಿಯ ಗೋಡೆಯ ಮೇಲೆ ಎರಡು ಬಗೆಯ ಹುಳುಗಳು ಹರಿದಾಡತೊಡಗಿದವು. ಒಂದು ಕಪ್ಪಗೆ, ಬಿಸಿಲಿಗೆ ನೀಲಿ-ಹಸಿರು ಮಿಂಚುವಂಥದ್ದು. ಇನ್ನೊಂದು ಹಳದಿ ಛಾಯೆಯದು. ಹಿಂದೆ ದಾರದಂಥ ಉದ್ದನೆಯ, ಮೊಟ್ಟೆಯಿಡುವ ಕೊಳವೆ. ಗಂಟು ಮಾಡಿದ ಕಣಜ ಮೊದಲನೆಯದು, ಅದರ ಮರಿಯನ್ನು ಒಳಗೇ ತಿಂದು ಬೆಳೆಯುವ ವೈರಿ ಎರಡನೆಯದು ಇರಬಹುದು ಎಂದು ಮೇಡಂ ಮಕ್ಕಳಿಗೆ ಹೇಳಿದರು. ಮಕ್ಕಳು ಕೈಮಸೂರದಲ್ಲಿ ನೋಡಿ, ಚಿತ್ರ ಬಿಡಿಸಿ, ತಾರೀಖು ಹಾಕಿ ಬರೆದುಕೊಂಡರು.

ಮುಂದೆ ನನಗೆ ತಿಳಿದ ಸಂಗತಿ ಇನ್ನಷ್ಟು ಸೋಜಿಗದ್ದು. ಧಾರವಾಡದ ಕೃಷಿ ವಿಜ್ಞಾನಿಗಳು ನೀಲಗಿರಿಯ ಇಂಥ ಗಂಟುಗಳನ್ನೇ ಅಭ್ಯಾಸ ಮಾಡುತ್ತ, ಆ ಕಣಜವನ್ನು ತಿನ್ನುವ ಪರತಂತ್ರ ಜೀವಿಯೊಂದನ್ನು ಪತ್ತೆ ಹಚ್ಚಿದ್ದರು. 2010ರಲ್ಲಿ ಅದಕ್ಕೆ ‘ಮೆಗಾಸ್ಟಿಗ್ಮಸ್ ಧಾರವಾಡಿಕಸ್’ ಎಂಬ ಹೆಸರು ಬಂತು. ನಮ್ಮ ನೆರೆಯ ಊರಿನ ಹೆಸರನ್ನು ಹೊತ್ತ ಒಂದು ಕಣಜ ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿದೆ. ಅದನ್ನು ಕಂಡವರು ಮಾಡಿದ ಮೊದಲ ಕೆಲಸ, ಗಂಟುಬಿದ್ದ ಎಲೆಯನ್ನು ಕಿತ್ತು ತಂದು ಒಳಗಿನಿಂದ ಏನು ಹೊರಬರುತ್ತದೆ ಎಂದು ಕಾದದ್ದು. ನಿಮ್ಮ ಶಾಲೆಯ ಕಿಟಕಿಯ ಬಳಿಯೂ ಆ ಕೆಲಸ ಆಗಬಲ್ಲದು.

ಆದರೆ ಆ ಮೇಡಂಗೆ ವರ್ಗವಾಯಿತು. ಮಕ್ಕಳು ಪಾಸಾಗಿ ಹೋದರು. ಆ ನೋಟ್‌ಬುಕ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಮಕ್ಕಳ ಬರಹವನ್ನು ಶಾಲೆಯ ದಾಖಲೆ ಎಂದು ಎಣಿಸುವ ರೂಢಿ ನಮ್ಮಲ್ಲಿಲ್ಲ, ಅಷ್ಟೇ. ಈ ಪತ್ರ ಬರೆಯಲು ಅದೇ ಕಾರಣ.

ಇಂಥ ಹುಳುವಿನ ಪರಿಣಾಮ ಹೊಲದಾಚೆಗೂ ಹೇಗೆ ಮುಟ್ಟಬಹುದು ಎಂಬುದಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಈ ಕಾಡು ಮೂಲತಃ ಹುಲ್ಲುಗಾವಲು, ಕುರುಚಲು. ಚಿಗರಿ, ತೋಳಗಳ ನೆಲೆ. ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇಲ್ಲಿತ್ತು. ಆ ಹುಲ್ಲುನೆಲದ ಬಹುಭಾಗಕ್ಕೆ ದಶಕಗಳ ಹಿಂದೆಯೇ ನೀಲಗಿರಿ ಹಚ್ಚಿದರು. ಈಗ ಯೋಚಿಸಿ: ಗಂಟಿನ ಕಣಜ ಬಿದ್ದು ನೀಲಗಿರಿಯ ಚಿಗುರು ಸೊರಗಿದರೆ ನೆಲಕ್ಕೆ ಹೆಚ್ಚು ಬಿಸಿಲು ಬೀಳುತ್ತದೆ. ಆ ಬಿಸಿಲಿಗೆ ಹಳೆಯ ಹುಲ್ಲು ಮರಳುತ್ತದೆಯೋ, ಲಂಟಾನ, ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸ ನುಗ್ಗುತ್ತವೆಯೋ? ಹುಲ್ಲು ಮರಳಿದರೆ ಚಿಗರಿಗೆ ಮೇವು. ಕಸ ನುಗ್ಗಿದರೆ ಇದ್ದ ಮೇವೂ ಹೋಯಿತು. ಒಂದು ಮಿಲಿಮೀಟರಿನ ಕಣಜಕ್ಕೂ ಚಿಗರಿಯ ಹೊಟ್ಟೆಗೂ ಹೀಗೆ ನಂಟಿದೆ. ಹತ್ತನೇ ತರಗತಿಯ ‘ನಮ್ಮ ಪರಿಸರ’ ಪಾಠದಲ್ಲಿ ಆಹಾರ ಜಾಲದ ಚಿತ್ರ ಬಿಡಿಸುವಾಗ ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಯಾವುದಿದೆ?

ಉಳಿದೆರಡು ಹುಳುಗಳ ಕಥೆಯಲ್ಲೂ ಇಂಥದೇ ಪಾಠವಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಏಷ್ಯಾದಲ್ಲೇ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದನ್ನು ನಮ್ಮ ಹೊಲದಲ್ಲಿ ಕಂಡಾಗ ನಾವು ಕಂಗಾಲಾದೆವು. ಆದರೆ ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಗೋವಿನಜೋಳದ ಸುಳಿಯೊಳಗೆ ಇನ್ನೊಂದನ್ನೂ ಕಂಡೆ: ಹುಳುಗಳು ಕಡ್ಡಿಯಂತೆ ಸೆಟೆದು ಸತ್ತು, ಮೈತುಂಬ ಬಿಳಿ ಬೂಷ್ಟು ಹಿಡಿದು, ಆಮೇಲೆ ಅದೇ ಬೂಷ್ಟು ಹಸಿರು ಪುಡಿಯಾಗುತ್ತಿತ್ತು. ಅದು ಮೆಟಾರೈಜಿಯಂ ರಿಲೈ ಎಂಬ ಶಿಲೀಂಧ್ರ. ಹಳೆಯ ಹೆಸರು ನೊಮುರಿಯಾ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರ ಮೇಲೆ ಬಹಳ ಹಿಂದಿನಿಂದ ಕೆಲಸ ಮಾಡಿದೆ. ನಮ್ಮ ನೆಲದಲ್ಲೇ ಇದ್ದ ಶಿಲೀಂಧ್ರ ಹೊರಗಿನಿಂದ ಬಂದ ಹುಳುವಿಗೆ ಕಾಯಿಲೆಯಾಯಿತು. ಯಾವ ಮಳೆಯಲ್ಲಿ ಇದು ಹೆಚ್ಚು, ಎಣ್ಣೆ ಹೊಡೆದ ಹೊಲದಲ್ಲಿ ಹೆಚ್ಚೋ ಹೊಡೆಯದ ಹೊಲದಲ್ಲಿ ಹೆಚ್ಚೋ ಎಂದು ನಾಲ್ಕು ಊರಿನ ಮಕ್ಕಳು ನಾಲ್ಕು ವರ್ಷ ಬರೆದಿಟ್ಟರೆ, ಅದು ರೈತನ ಕೈಗೆ ಸಿಗುವ ದೊಡ್ಡ ಆಸರೆ.

ಮೆಣಸಿನಕಾಯಿಯ ಕರಿ ನುಸಿ ಆಗ್ನೇಯ ಏಷ್ಯಾದ್ದು. ಶಾಸ್ತ್ರೀಯ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಅದರ ಮೊದಲ ವರದಿಯಾಯಿತು. ಆರು ವರ್ಷ ರೈತರ ಕಿವಿಗೆ ಅದರ ಹೆಸರೇ ಬೀಳಲಿಲ್ಲ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳು ಹೂವುದುರಿ ಬರಿದಾದಾಗಲೇ ಎಲ್ಲರಿಗೂ ತಿಳಿದದ್ದು. ಹೂವೊಂದನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಕರಿ ಚುಕ್ಕೆಗಳು ಓಡಾಡುತ್ತಿದ್ದವು. ಮೊದಲಿನಿಂದ ಇದ್ದ ನುಸಿಯನ್ನು ಈ ಹೊಸ ನುಸಿ ಹಲವು ಹೊಲಗಳಲ್ಲಿ ಬದಿಗೊತ್ತಿತು ಎಂದು ವಿಜ್ಞಾನಿಗಳು ದಾಖಲಿಸಿದರು. ಹೂವಿನ ಒಳಗೆ ಅವಿತ ನುಸಿಗೆಂದು ನಾವು ಮೇಲಿಂದ ಮೇಲೆ ಎಣ್ಣೆ ಹೊಡೆದೆವು. ಗುಲಗಂಜಿ ಹುಳು, ಜೇಡ, ಜೇನು ಕಡಿಮೆಯಾದಂತೆ ನನ್ನ ಕಣ್ಣಿಗೆ ಕಾಣುತ್ತದೆ. ಎಷ್ಟು ಕಡಿಮೆ, ಯಾವ ವರ್ಷದಿಂದ ಎಂದು ನೀವು ಕೇಳಿದರೆ ತೋರಿಸಲು ನನ್ನ ಹತ್ತಿರ ಒಂದು ಸಾಲಿನ ಬರಹವಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣಕ್ಕೆ, ದರಕ್ಕೆ ಲೆಕ್ಕವಿದೆ. ಅದರ ಹೂವಿಗೆ ಬರುವ ಹುಳುಗಳಿಗೆ ಲೆಕ್ಕವಿಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ದೇಶದ ಉದಾಹರಣೆಯೇ ಇದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2002ರಲ್ಲಿ ಆಶ್ ಮರಗಳನ್ನು ಕೊಲ್ಲುವ ಒಂದು ಹಸಿರು ದುಂಬಿ ಪತ್ತೆಯಾಯಿತು. ಏಷ್ಯಾದಿಂದ ಹೋದದ್ದು ಅದು. ಮುಂದೆ ಕೋಟಿಗಟ್ಟಲೆ ಮರಗಳು ಸತ್ತವು. ಮರ ಬಿದ್ದ ಜಾಗಕ್ಕೆ ಬಿಸಿಲು ನುಗ್ಗಿತು, ಜೌಗು ನೆಲದಲ್ಲಿ ನೀರು ಮೇಲೆದ್ದಿತು, ಮರಕುಟುಕ ಹಕ್ಕಿಗಳು ಕೆಲವೆಡೆ ಹೆಚ್ಚಿದವು, ಆಶ್ ಮರವನ್ನೇ ನೆಚ್ಚಿದ ಕೀಟಗಳಿಗೆ ನೆಲೆ ತಪ್ಪಿತು. ವಿಜ್ಞಾನಿಗಳು ಸತ್ತ ಮರಗಳ ವರ್ಷದ ಉಂಗುರಗಳನ್ನು ಲೆಕ್ಕ ಹಾಕಿ ನೋಡಿದರೆ, ದುಂಬಿ 1990ರ ದಶಕದ ಮೊದಲ ಭಾಗದಲ್ಲೇ ಅಲ್ಲಿ ನೆಲೆಯೂರಿತ್ತು. ಅಷ್ಟು ಹಣ, ಅಷ್ಟು ವಿಶ್ವವಿದ್ಯಾಲಯಗಳಿದ್ದ ನಾಡಿನಲ್ಲೂ ಹತ್ತಿರಹತ್ತಿರ ಹತ್ತು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಂಡಾಗ ತಡೆಯುವ ಕಾಲ ಮೀರಿತ್ತು.

ಗುರುಗಳೇ, ಹೊಸ ಹುಳು ಬಂದಿದೆ ಎಂದು ತಿಳಿಯಬೇಕಾದರೆ ಹಳೆಯವು ಯಾವುವು ಎಂದು ಮೊದಲೇ ಗೊತ್ತಿರಬೇಕು. ಅದರ ಪರಿಣಾಮ ಅಳೆಯಬೇಕಾದರೆ ಅದು ಬರುವ ಮುಂಚಿನ ಲೆಕ್ಕ ಇರಬೇಕು. ಧಾರವಾಡದ ವಿಜ್ಞಾನಿ ನಮ್ಮೂರಿಗೆ ಬರುವುದು ನಾವು ತೊಂದರೆ ಎಂದು ಫೋನು ಮಾಡಿದ ಮೇಲೆ. ಅಧಿಕಾರಿಗಳಿಗೆ ಹತ್ತಾರು ಹಳ್ಳಿ ಹಂಚಿಹೋಗಿವೆ. ನಮಗೆ ರೈತರಿಗೆ ಬೆಳೆಯ ಚಿಂತೆ. ವರ್ಷವಿಡೀ ಊರಲ್ಲೇ ಇರುವ, ಬರೆಯಲು ಬರುವ, ಸಣ್ಣದನ್ನು ಕಾಣುವ ಚುರುಕು ಕಣ್ಣುಗಳುಳ್ಳ ಜಾಗ ಒಂದೇ: ಶಾಲೆ. ದಿನಾ ಬೆಳಿಗ್ಗೆ ಮಕ್ಕಳ ಹಾಜರಿ ತೆಗೆದುಕೊಳ್ಳುವಂತೆ ತಿಂಗಳಿಗೊಮ್ಮೆ ಹುಳುಗಳ ಹಾಜರಿಯನ್ನೂ ತೆಗೆದುಕೊಳ್ಳಿ ಎಂಬುದೇ ನನ್ನ ಬಿನ್ನಹ. ಅದನ್ನು ಹೀಗೆ ಮಾಡಬಹುದು ಎಂದು ನನಗೆ ತೋಚಿದ್ದನ್ನು ಮುಂದಿಡುತ್ತೇನೆ.

ಒಂದು, ದಪ್ಪ ರಟ್ಟಿನ ಒಂದು ರಿಜಿಸ್ಟರ್ ಇಡಿ. ಅದು ಶಿಕ್ಷಕರ ಸ್ವಂತದ್ದಲ್ಲ, ಶಾಲೆಯ ಆಸ್ತಿ. ಪ್ರಯೋಗಾಲಯದ ಸಾಮಾನಿನ ಪಟ್ಟಿಯಲ್ಲಿ ಅದರ ಹೆಸರಿರಲಿ. ನಿಮಗೆ ವರ್ಗವಾದರೆ ಚಾರ್ಜ್ ಕೊಡುವಾಗ ಅದನ್ನೂ ಕೊಟ್ಟು ಸಹಿ ಪಡೆಯಿರಿ.

ಎರಡು, ಊರಿನ ಸುತ್ತ ನಾಲ್ಕು ಜಾಗ ಗೊತ್ತು ಮಾಡಿಕೊಳ್ಳಿ: ನೀಲಗಿರಿ ಇರುವ ಒಂದು ಬದು, ಒಂದು ಗೋವಿನಜೋಳದ ಹೊಲ, ಒಂದು ಮೆಣಸಿನಕಾಯಿ ಹೊಲ, ಉಳುಮೆಯಿಲ್ಲದ ಒಂದು ಬೀಳು. ತಿಂಗಳಿಗೊಮ್ಮೆ ಅವೇ ಜಾಗ, ಅಷ್ಟೇ ಗಿಡ, ಅಷ್ಟೇ ಹೊತ್ತು. ಪ್ರತಿ ಸಲ ಒಂದೇ ರೀತಿ ಎಣಿಸಿದರೆ ಮಾತ್ರ ಈ ವರ್ಷವನ್ನು ಬರುವ ವರ್ಷಕ್ಕೆ ಹೋಲಿಸಬಹುದು. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದು ಬರೆಯಿರಿ. ಆ ಸಾಲಿಗೂ ಅಷ್ಟೇ ಬೆಲೆಯಿದೆ.

ಮೂರು, ಗಂಟುಬಿದ್ದ ಎಲೆ, ಹುಳು ಹತ್ತಿದ ಕಡ್ಡಿಯನ್ನು ಗಾಜಿನ ಬಾಟಲಿಯಲ್ಲಿಟ್ಟು ಏನು ಹೊರಬರುತ್ತದೆ ನೋಡಿ. ಇಟ್ಟ ದಿನ, ಹೊರಬಂದ ದಿನ, ಎಷ್ಟು ಬಗೆ ಎಂದು ಬರೆಸಿ. ಯಾರು ಯಾರನ್ನು ತಿನ್ನುತ್ತಾರೆ ಎಂಬುದು ಅಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ.

ನಾಲ್ಕು, ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಕಳಿಸಿ. ಮೊದಲು ಯಾವ ಹುಳು ಇದ್ದವು, ಯಾವುದಕ್ಕೆ ಏನೆನ್ನುತ್ತಿದ್ದರು, ಯಾವುದು ಈಗ ಕಾಣುವುದಿಲ್ಲ ಎಂದು ಕೇಳಿ ಬರೆದು ತರಲಿ. ಅವರ ಜತೆ ಹೋಗಿಬಿಡುವ ತಿಳಿವಳಿಕೆ ಇದು.

ಐದು, ಗುರುತು ಸಿಗದ ಹುಳು ಕಂಡರೆ ಸುಮ್ಮನಿರಬೇಡಿ. ಫೋಟೊ ತೆಗೆದು, ಜಾಗ, ತಾರೀಖಿನ ಸಹಿತ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೀಟಗಳನ್ನು ಗುರುತಿಸುವ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಅಲ್ಲಿಗೆ ತಲುಪುವ ದಾರಿಯನ್ನು ಕೃಷಿ ವಿಜ್ಞಾನ ಕೇಂದ್ರದವರೇ ತೋರಿಸುತ್ತಾರೆ.

ಆರು, ಎಣ್ಣೆ ಹೊಡೆದ ಹೊಲಕ್ಕೆ ಮಕ್ಕಳನ್ನು ಇಳಿಸಬೇಡಿ. ರೈತನನ್ನು ಮೊದಲೇ ಕೇಳಿ. ಅಭಯಾರಣ್ಯದ ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಇನ್ನೊಂದು ಮಾತು. ಹೊರಗಿನಿಂದ ಬಂದದ್ದೆಲ್ಲ ವೈರಿ ಎಂದು ಮಕ್ಕಳ ತಲೆಯಲ್ಲಿ ಕೂರದಿರಲಿ. ನಾವು ಬೆಳೆಯುವ ಮೆಣಸಿನಕಾಯಿ, ಗೋವಿನಜೋಳ ಎರಡೂ ಹೊರಗಿನವೇ. ಕಾಂಗ್ರೆಸ್ ಕಸ ತಿನ್ನಲೆಂದು ಮೆಕ್ಸಿಕೋದ ದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಮರುವರ್ಷ ಬಿಟ್ಟರು. ಅದು ಸೂರ್ಯಕಾಂತಿಗೂ ಬಾಯಿ ಹಾಕುತ್ತದೆ ಎಂಬ ದೂರು ಮುಂದೆ ಎದ್ದಾಗ, ಅದನ್ನು ಹೊಲಕ್ಕಿಳಿದು ಪರಿಶೀಲಿಸಬೇಕಾಯಿತು. ಗುಮಾನಿ, ಗಾಬರಿ ಎರಡಕ್ಕೂ ಮದ್ದು ನೋಡಿ ಬರೆದಿಟ್ಟ ಲೆಕ್ಕವೇ. ನಾವು ನೋಡುವ ಮುಂಚೆ ತೀರ್ಪು ಕೊಡಬಾರದು ಎಂಬ ಪಾಠ ಮಕ್ಕಳಿಗೆ ಬದುಕಿನುದ್ದಕ್ಕೂ ಬೇಕು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು. ಇದರ ಮೇಲೆ ಹುಳುವಿನ ಲೆಕ್ಕವೂ ಬೇಕೇ ಎನಿಸಬಹುದು. ಆದರೆ ನಾನು ಕೇಳುತ್ತಿರುವುದು ತಿಂಗಳಿಗೆ ಒಂದು ಮಧ್ಯಾಹ್ನ. ಶಾಲೆಯ ಇಕೋ ಕ್ಲಬ್‌ಗೆ ಇದೇ ಕೆಲಸವಾಗಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಹುಡುಕುವಾಗ ನಗರದ ಪುಸ್ತಕಗಳಿಂದ ವಿಷಯ ಎತ್ತಬೇಕಾಗಿಲ್ಲ. ನಿಮ್ಮ ರಿಜಿಸ್ಟರಿನಲ್ಲೇ ಅದು ಸಿಗುತ್ತದೆ. ಐದು ವರ್ಷದ ಲೆಕ್ಕ ಹಿಡಿದು ನಿಂತ ಹಳ್ಳಿಯ ಹುಡುಗಿಯನ್ನು ಯಾವ ವಿಜ್ಞಾನಿಯೂ ಹಗುರವಾಗಿ ಕಾಣಲಾರ.

ನಮ್ಮ ಕಡೆಯಿಂದ ಆಗಬೇಕಾದ್ದಕ್ಕೆ ನಾವು ಸಿದ್ಧ. ನನ್ನ ಹೊಲದಲ್ಲಿ ಎರಡು ಸಾಲು ಮೆಣಸಿನಕಾಯಿ, ಎರಡು ಸಾಲು ಗೋವಿನಜೋಳವನ್ನು ಎಣ್ಣೆ ಹೊಡೆಯದೆ ಮಕ್ಕಳ ಅಭ್ಯಾಸಕ್ಕೆ ಬಿಡುತ್ತೇನೆ. ನೀಲಗಿರಿಯ ಬದು ಹೇಗೂ ಇದೆ. ಬೇರೆ ಊರುಗಳಲ್ಲೂ ಕೇಳಿದರೆ ಇಲ್ಲವೆನ್ನುವ ರೈತರು ಕಡಿಮೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ವಿಷಯ ಇಟ್ಟರೆ ಕೈಮಸೂರ, ಬಾಟಲಿ, ರಿಜಿಸ್ಟರಿನ ಖರ್ಚನ್ನು ಪಾಲಕರೇ ವಹಿಸಿಕೊಳ್ಳುತ್ತಾರೆ ಎಂದು ನನ್ನ ಭರವಸೆ. ಎರಡೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು ವರ್ಷಕ್ಕೊಮ್ಮೆ ಎಲ್ಲ ಶಾಲೆಗಳ ರಿಜಿಸ್ಟರುಗಳನ್ನು ಒಂದೆಡೆ ಇಟ್ಟು ಹೋಲಿಸುವ ಒಂದು ದಿನ ಏರ್ಪಡಿಸಲಿ ಎಂದೂ ಈ ಮೂಲಕ ವಿನಂತಿಸುತ್ತೇನೆ.

ನಾಲ್ಕನೆಯ ಹುಳು ಬಂದೇ ಬರುತ್ತದೆ. ಸಸಿ, ಹಣ್ಣು, ಮರದ ಪೆಟ್ಟಿಗೆ ಖಂಡದಿಂದ ಖಂಡಕ್ಕೆ ಓಡಾಡುವ ಕಾಲವಿದು. ಅದು ಬಂದ ವರ್ಷ, ಬಂದ ಜಾಗ, ಅದರಿಂದ ಬದಲಾದದ್ದು ಏನೇನು ಎಂದು ಕೇಳಿದರೆ ಉತ್ತರ ನಮ್ಮ ಶಾಲೆಗಳಲ್ಲಿ ಸಿಗುವಂತಾಗಲಿ. ಈ ಮುಂಗಾರಿಗೆ ಶಾಲೆ ತೆರೆದ ಮೊದಲ ತಿಂಗಳಲ್ಲೇ ರಿಜಿಸ್ಟರಿನ ಮೊದಲ ಪುಟ ತುಂಬಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.



ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ರೈತ ಮತ್ತು ಪಾಲಕ
ಕದರಮಂಡಲಗಿ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ